ಸಾಲ, ಋಣ, ಜೀತ: ಬಿಟ್ಟುಬಂದ ತಾಯಿಯ ಲೆಕ್ಕ

ಮುಂಗಡ ಪಡೆದು ಕೆಲಸಕ್ಕೆ ನಿಂತ ಹೆಣ್ಣೊಬ್ಬಳು ಒಂದು ರಾತ್ರಿ ಮಕ್ಕಳನ್ನು ಕಟ್ಟಿಕೊಂಡು ಹೊರಟುಹೋದಳು ಎಂದುಕೊಳ್ಳಿ. ಬೆಳಗಾಗುವಷ್ಟರಲ್ಲಿ ಊರಿನ ತೀರ್ಪು ಸಿದ್ಧವಾಗಿರುತ್ತದೆ: 'ದುಡ್ಡು ತಿಂದು ಓಡಿಹೋದಳು.' ಜಂಗಮಕೋಟೆ, ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಿಗೆ ಈ ಮಾತು ಹೊಸದಲ್ಲ. ಅದರಲ್ಲಿರುವ ಎರಡು ಕ್ರಿಯಾಪದಗಳನ್ನು ಮಾತ್ರ ನಾವು ನಿಂತು ನೋಡುವುದಿಲ್ಲ. 'ತಿಂದು' ಅಂದಾಗ ದುಡಿಮೆಯ ಮೇಲೆ ಪಡೆದ ಮುಂಗಡ ಕಳ್ಳತನದ ಮಾಲಾಗುತ್ತದೆ. 'ಓಡಿಹೋದಳು' ಅಂದಾಗ ಕನ್ನಡದಲ್ಲಿ ಇನ್ನೊಂದು ಅರ್ಥ ತಾನಾಗಿ ಬಂದು ಕೂರುತ್ತದೆ. ಗಂಡಸು ಓಡಿಹೋದರೆ ಸಾಲಕ್ಕೆ ಹೆದರಿ ಹೋದ ಎನ್ನುತ್ತೇವೆ. ಹೆಂಗಸು ಓಡಿಹೋದರೆ ಅವಳ ನಡತೆಯ ಮೇಲೂ ಕೆಸರು ಬೀಳುತ್ತದೆ. ಅವಳ ಕಡೆಯ ಮಾತು ಕೇಳುವ ಮೊದಲೇ ಭಾಷೆ ತೀರ್ಪು ಕೊಟ್ಟಿರುತ್ತದೆ. ಆ ತೀರ್ಪು ಮೂರು ಬೇರೆ ಬೇರೆ ಸಂಗತಿಗಳನ್ನು, ಅಂದರೆ ಸಾಲ, ಋಣ ಮತ್ತು ಜೀತವನ್ನು, ಒಂದೇ ಗಂಟಿಗೆ ಹಾಕಿ ಬಿಗಿದದ್ದು. ಆ ಗಂಟನ್ನು ಬಿಚ್ಚುವುದಷ್ಟೇ ಈ ಲೇಖನದ ಕೆಲಸ.

ಮೊದಲು ಆ ಅಭಿಪ್ರಾಯದ ಕಡೆಗೆ ನ್ಯಾಯವಾಗಿರೋಣ. ಹಾಗೆ ಮಾತಾಡುವವರೆಲ್ಲ ಕಟುಕರಲ್ಲ, ಅವರ ಬಳಿ ವಾದವಿದೆ. ಅವಳನ್ನು ಯಾರೂ ಹಿಡಿದು ತರಲಿಲ್ಲ, ಕೈಯಾರೆ ಹಣ ಪಡೆದು ಒಪ್ಪಿ ಬಂದಳು. ಹಣ ಕೊಟ್ಟವನೂ ದೊಡ್ಡ ಜಮೀನ್ದಾರನಲ್ಲ. ನಾಲ್ಕು ಬಟ್ಟಲಿನ ರೇಷ್ಮೆ ರೀಲಿಂಗ್ ಘಟಕ ಇಟ್ಟುಕೊಂಡು, ತಾನೇ ಬಡ್ಡಿಗೆ ಸಾಲ ತಂದು, ಗೂಡಿನ ಮಾರುಕಟ್ಟೆಯಲ್ಲಿ ದಿನದ ದರಕ್ಕೆ ಎದೆ ಹೊಡೆದುಕೊಳ್ಳುವವನು. ಅವಳ ಹೆರಿಗೆಗೆ, ಗಂಡನ ಆಸ್ಪತ್ರೆಗೆ, ನಾದಿನಿಯ ಮದುವೆಗೆ ಬ್ಯಾಂಕು ಕೊಡದಿದ್ದಾಗ ಕೊಟ್ಟವನು ಅವನೇ. ಉಂಡ ಮನೆಗೆ ದ್ರೋಹ ಬಗೆಯಬಾರದು ಎಂಬುದು ನಮ್ಮ ನೀತಿ. ಗುಲಾಮಗಿರಿ ಅಂದರೆ ಸಂಕೋಲೆ, ಹರಾಜು, ಚಾಟಿ; ಅದು ಅಮೆರಿಕದ ಹತ್ತಿ ಹೊಲಗಳ ಕತೆ. ಇದನ್ನು ಅದಕ್ಕೆ ಹೋಲಿಸುವುದು ಅತಿರೇಕ. ಜೀತವನ್ನಂತೂ ಸರ್ಕಾರ ಎಂದೋ ತೆಗೆದುಹಾಕಿತು, ಈಗ ಉಳಿದಿರುವುದು ಮುಂಗಡ ಮಾತ್ರ. ವಾದ ಇಷ್ಟು. ಇದರಲ್ಲಿ ನಿಜದ ಅಂಶಗಳಿವೆ. ತೀರ್ಮಾನ ಮಾತ್ರ ಆ ಅಂಶಗಳಿಂದ ಹುಟ್ಟಿದ್ದಲ್ಲ.

ಅಮೆರಿಕದಿಂದಲೇ ಆರಂಭಿಸೋಣ, ಹೋಲಿಕೆ ಅತಿರೇಕವೋ ಅಲ್ಲವೋ ತಿಳಿಯಲಿ. 1856ರ ಜನವರಿ ಕೊನೆಯ ಒಂದು ರಾತ್ರಿ, ಕೆಂಟಕಿ ರಾಜ್ಯದ ಬೂನ್ ಕೌಂಟಿಯಲ್ಲಿ ಗುಲಾಮಳಾಗಿದ್ದ ಮಾರ್ಗರೆಟ್ ಗಾರ್ನರ್ ಎಂಬ ಇಪ್ಪತ್ತರ ಆಸುಪಾಸಿನ ತಾಯಿ ಗಂಡ, ಅತ್ತೆ, ಮಾವ ಮತ್ತು ನಾಲ್ಕು ಮಕ್ಕಳೊಂದಿಗೆ ಹೆಪ್ಪುಗಟ್ಟಿದ ಓಹಾಯೊ ನದಿಯ ಮಂಜುಗಡ್ಡೆಯ ಮೇಲೆ ನಡೆದು ಆಚೆ ದಡದ ಸಿನ್ಸಿನಾಟಿ ಸೇರಿದಳು. ಆ ದಡದಲ್ಲಿ ಗುಲಾಮಗಿರಿ ಇರಲಿಲ್ಲ. ಆದರೆ ಗಂಟೆಗಳೊಳಗೆ ಯಜಮಾನ ಆರ್ಚಿಬಾಲ್ಡ್ ಗೇಯ್ನ್ಸ್ ಸರ್ಕಾರಿ ಮಾರ್ಷಲ್‌ಗಳನ್ನು ಕರೆತಂದು ಅವರು ಅಡಗಿದ್ದ ಮನೆಯನ್ನು ಸುತ್ತುವರಿದ. ಮಕ್ಕಳು ಮತ್ತೆ ಆ ಬದುಕಿಗೆ ಮರಳಬಾರದೆಂದು ಆಕೆ ಎರಡು ವರ್ಷದ ಮಗಳು ಮೇರಿಯನ್ನು ಚಾಕುವಿನಿಂದ ಕೊಂದಳು. ಟೋನಿ ಮಾರಿಸನ್ ಅವರ 1987ರ 'ಬಿಲವೆಡ್' ಕಾದಂಬರಿಗೆ ಬೀಜವಾದದ್ದು ಇದೇ ಘಟನೆ. ಆ ತಾಯಿ ಮಾಡಿದ್ದು ಸರಿಯೇ ತಪ್ಪೇ ಎಂದು ಜಗತ್ತು ಇಂದಿಗೂ ಚರ್ಚಿಸುತ್ತದೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ನ್ಯಾಯಾಲಯದಲ್ಲಿ ನಡೆದದ್ದು.

ಅಲ್ಲಿ ಎರಡು ಕಾನೂನುಗಳು ಎದುರಾದವು. ಕೊಲೆ ಆರೋಪದ ಮೇಲೆ ಅವಳನ್ನು ಓಹಾಯೊ ರಾಜ್ಯದಲ್ಲೇ ವಿಚಾರಣೆಗೆ ಒಳಪಡಿಸಿ ಎಂದು ವಾದಿಸಿದವನು ಅವಳ ವಿರೋಧಿಯಲ್ಲ, ಅವಳ ವಕೀಲನೇ ಆದ ಜಾನ್ ಜಾಲಿಫ್. ತನ್ನ ಕಕ್ಷಿದಾರಳ ಮೇಲೆ ಕೊಲೆ ಮೊಕದ್ದಮೆ ನಡೆಯಲಿ ಎಂದು ವಕೀಲನೇ ಬಯಸುವುದು ವಿಚಿತ್ರ ಅನಿಸಬಹುದು. ಆದರೆ ಕೊಲೆಗಾರಳಾಗಲು ಮೊದಲು ಮನುಷ್ಯಳಾಗಿರಬೇಕು. ಕುರ್ಚಿಯ ಮೇಲೆ, ಎತ್ತಿನ ಮೇಲೆ ಕೊಲೆ ಮೊಕದ್ದಮೆ ಹೂಡಲಾಗದು. ಇನ್ನೊಂದು ಕಡೆ ಇದ್ದದ್ದು 1850ರ ಪಲಾಯಿತ ಗುಲಾಮರ ಕಾಯ್ದೆ. ಅದಕ್ಕೆ ಬೇಕಿದ್ದದ್ದು ಒಂದೇ ಉತ್ತರ: ಈ ಸೊತ್ತು ಯಾರದ್ದು? ಓಡಿಬಂದವರು ತಮ್ಮ ಪರವಾಗಿ ತಾವೇ ಸಾಕ್ಷಿ ನುಡಿಯುವಂತಿರಲಿಲ್ಲ. ಪ್ರಕರಣ ತೀರ್ಮಾನಿಸುವ ಕಮಿಷನರ್ ಗುಲಾಮರನ್ನು ಮರಳಿಸಿದರೆ ಅವನಿಗೆ 10 ಡಾಲರ್, ಬಿಡುಗಡೆ ಮಾಡಿದರೆ 5 ಡಾಲರ್. ಸೊತ್ತಿನ ಕಾನೂನು ಗೆದ್ದಿತು. ಫೆಬ್ರವರಿ ಕೊನೆಗೆ ಆಕೆಯನ್ನು ನದಿ ದಾಟಿಸಿ ಕೆಂಟಕಿಗೆ ಮರಳಿಸಿದರು. ಓಹಾಯೊದ ಗವರ್ನರ್ ಸಾಲ್ಮನ್ ಚೇಸ್ ಕೊಲೆ ಪ್ರಕರಣಕ್ಕಾಗಿ ಅವಳನ್ನು ಒಪ್ಪಿಸಿ ಎಂದು ಕೇಳುವಷ್ಟರಲ್ಲಿ ಯಜಮಾನ ಅವಳನ್ನು ದಕ್ಷಿಣಕ್ಕೆ ಸಾಗಿಸತೊಡಗಿದ್ದ. ಹಡಗಿನ ಅಪಘಾತದಲ್ಲಿ ಕೈಗೂಸು ಮುಳುಗಿಹೋಯಿತು. 1858ರಲ್ಲಿ ವಿಷಮಶೀತ ಜ್ವರದಿಂದ ಮಾರ್ಗರೆಟ್ ತೀರಿಕೊಂಡಳು.

ಈ ಕತೆಯನ್ನು ಇಲ್ಲಿಗೆ ತಂದದ್ದು ಶಿಡ್ಲಘಟ್ಟದ ರೀಲಿಂಗ್ ಮನೆ ಕೆಂಟಕಿಯ ತೋಟ ಎನ್ನುವುದಕ್ಕಲ್ಲ. ವ್ಯತ್ಯಾಸ ದೊಡ್ಡದೇ. ಅಲ್ಲಿ ಮನುಷ್ಯರನ್ನು ಮಾರಲು ಪತ್ರವಿತ್ತು, ಬಣ್ಣವೇ ಬಂಧನದ ಗುರುತಾಗಿತ್ತು, ರಾಜ್ಯಶಕ್ತಿಯೇ ಬೆನ್ನಟ್ಟುತ್ತಿತ್ತು. ಇಲ್ಲಿ ಹಾಗಿಲ್ಲ. ಆದರೆ ಗುಲಾಮಗಿರಿಯನ್ನು ಗುಲಾಮಗಿರಿಯಾಗಿಸುವುದು ಚಾಟಿಯಲ್ಲ. ಚಾಟಿ ಎತ್ತದ ಯಜಮಾನರು ಕೆಂಟಕಿಯಲ್ಲೂ ಇದ್ದಿರಬೇಕು. ಬಿಟ್ಟುಹೋದವಳ ಬಗ್ಗೆ ಸಮಾಜ ಮೊದಲು ಕೇಳುವ ಪ್ರಶ್ನೆಯಲ್ಲಿ ಅದು ಬಯಲಾಗುತ್ತದೆ. 'ಅವಳಿಗೆ ಏನಾಯಿತು?' ಎಂದು ಕೇಳಿದರೆ ಅವಳು ಮನುಷ್ಯಳು. 'ಅವಳಿಂದ ಎಷ್ಟು ನಷ್ಟವಾಯಿತು?' ಎಂದು ಕೇಳಿದರೆ ಅವಳು ಸೊತ್ತು. ಸಿನ್ಸಿನಾಟಿಯ ನ್ಯಾಯಾಲಯ ಎರಡನೆಯದನ್ನು ಕೇಳಿತು. ನಮ್ಮ ಕಟ್ಟೆಯ ಮೇಲೆ ಕೇಳುವುದೂ ಎರಡನೆಯದನ್ನೇ.

ಇದು ನಮಗೆ ಪರದೇಶದಿಂದ ಬಂದ ರೋಗವೂ ಅಲ್ಲ. 15ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಇಟಲಿಯ ನಿಕೊಲೊ ಕಾಂಟಿ, ಸಾಲ ತೀರಿಸಲಾಗದವನು ಸಾಲ ಕೊಟ್ಟವನ ಸೊತ್ತಾಗುತ್ತಾನೆ ಎಂದು ಇಲ್ಲಿಯ ರೂಢಿಯನ್ನು ಬರೆದಿಟ್ಟ. 'ಜೀತ' ಎಂಬ ಪದದ ಪಾಡನ್ನೇ ನೋಡಿ. ಅದು 'ಜೀವಿತ'ದಿಂದ ಬಂದದ್ದು. ಬದುಕಿಗೆ ಆಧಾರ, ಸಂಬಳ ಎಂಬುದು ಅದರ ಅರ್ಥ. ನಮ್ಮ ಗಡಿಸೀಮೆಯ ಮನೆಗಳಲ್ಲಿ ತೆಲುಗು, ಕನ್ನಡ ಎರಡೂ ಓಡಾಡುತ್ತವೆ. ತೆಲುಗಿನಲ್ಲಿ 'ಜೀತಂ' ಅಂದರೆ ಈಗಲೂ ತಿಂಗಳ ಸಂಬಳ. ಮೇಷ್ಟರಿಗೂ ಜೀತಂ, ಗುಮಾಸ್ತನಿಗೂ ಜೀತಂ. ಅದೇ ಪದ ಕನ್ನಡದ ಕಡೆಗೆ ಹೊರಳಿದಾಗ ಸಂಬಳವೇ ಇಲ್ಲದ ದುಡಿಮೆಗೆ ಹೆಸರಾಯಿತು. ಕೂಲಿ ಎಂಬ ಅರ್ಥದ ಮಾತು ಕೂಲಿಗೇಡಿನ ಮಾತಾದದ್ದು ನಿಘಂಟಿನ ಆಟವಲ್ಲ. ಸಂಬಳವನ್ನು ಮೊದಲೇ ಕೊಟ್ಟು ಆಮೇಲೆ ಮನುಷ್ಯನನ್ನೇ ಇಟ್ಟುಕೊಳ್ಳುವ ಪದ್ಧತಿ ಆ ಪದಕ್ಕೆ ಕೊಟ್ಟ ಗಾಯ ಅದು.

'ಉಳಿದಿರುವುದು ಮುಂಗಡ ಮಾತ್ರ, ಜೀತವಲ್ಲ' ಎನ್ನುವವರು ಕಾನೂನಿನ ವ್ಯಾಖ್ಯೆಯನ್ನೊಮ್ಮೆ ಓದಬೇಕು. ಜೀತ ಪದ್ಧತಿ ನಿರ್ಮೂಲನ ಕಾಯ್ದೆ 1976ರದು. ಅದಕ್ಕೂ ಮೊದಲಿನ ಸುಗ್ರೀವಾಜ್ಞೆ ಜಾರಿಯಾದ 1975ರ ಅಕ್ಟೋಬರ್ 25ರಿಂದಲೇ ಜಾರಿಗೆ ಬಂತೆಂದು ಅದು ಹೇಳುತ್ತದೆ. ಮುಂಗಡದ ಕಾರಣಕ್ಕೆ, ವಂಶಪಾರಂಪರ್ಯವಾಗಿ ಬಂದ ಹೊಣೆಯ ಕಾರಣಕ್ಕೆ ಅಥವಾ ಇಂಥ ಜಾತಿಯಲ್ಲಿ ಹುಟ್ಟಿದ ಕಾರಣಕ್ಕೆ ಒಬ್ಬರು ದುಡಿಯಬೇಕಾಗಿ ಬಂದು, ಆ ಒಪ್ಪಂದದಲ್ಲಿ ಈ ಕೆಳಗಿನ ಯಾವುದಾದರೂ ಒಂದು ಇದ್ದರೆ ಸಾಕು, ಅದು ಜೀತ:

1. ಕೂಲಿ ಇಲ್ಲದೆ ಅಥವಾ ನೆಪಮಾತ್ರದ ಕೂಲಿಗೆ ದುಡಿಯಬೇಕಾಗುವುದು;
2. ಬೇರೆ ಕಡೆ ಕೆಲಸಕ್ಕೆ ಹೋಗುವ ಹಕ್ಕು ಕಳೆದುಕೊಳ್ಳುವುದು;
3. ಇಷ್ಟ ಬಂದಲ್ಲಿಗೆ ಓಡಾಡುವ ಹಕ್ಕು ಕಳೆದುಕೊಳ್ಳುವುದು;
4. ತನ್ನ ದುಡಿಮೆಯನ್ನು ಮಾರುಕಟ್ಟೆಯ ಬೆಲೆಗೆ ಮಾರುವ ಹಕ್ಕು ಕಳೆದುಕೊಳ್ಳುವುದು.

ಸಂಕೋಲೆ, ಬೀಗ, ಚಾಟಿ ಈ ಪಟ್ಟಿಯಲ್ಲಿಲ್ಲ. 'ಬಾಕಿ ತೀರಿಸುವವರೆಗೆ ಬೇರೆ ಘಟಕಕ್ಕೆ ಹೋಗಬೇಡ' ಎಂಬ ಒಂದೇ ಮಾತು ಎರಡನೆಯ ಅಂಶವನ್ನು ತುಂಬಿಬಿಡುತ್ತದೆ. ಅಷ್ಟರಲ್ಲಿ ಮುಂಗಡ ಜೀತವಾಯಿತು. ಕಾಯ್ದೆ ಬಂದೊಡನೆ ಜೀತ ಹೋಯಿತು ಎನ್ನುವವರಿಗೆ ಸರ್ಕಾರದ ಮಾತನ್ನೇ ನೆನಪಿಸಬಹುದು: 2030ರೊಳಗೆ 1.84 ಕೋಟಿ ಜೀತದಾಳುಗಳನ್ನು ಗುರುತಿಸಿ ಬಿಡಿಸುವ ಗುರಿಯನ್ನು ಕೇಂದ್ರವು 2016ರಲ್ಲಿ ಸಂಸತ್ತಿನ ಮುಂದಿಟ್ಟಿತು. ಇಲ್ಲದ್ದನ್ನು ಬಿಡಿಸಲು ಯಾರೂ ಗುರಿ ಹಾಕಿಕೊಳ್ಳುವುದಿಲ್ಲ.

'ಒಪ್ಪಿ ಬಂದಳಲ್ಲ' ಎಂಬುದು ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುವ ವಾದ. ಒಪ್ಪಿಗೆಗೆ ಬೆಲೆ ಬರುವುದು ಬೇಡವೆನ್ನುವ ಅವಕಾಶವಿದ್ದಾಗ. ಏಷ್ಯಾಡ್ ಕ್ರೀಡಾಕೂಟದ ಕಾಮಗಾರಿಯ ಕೂಲಿಕಾರರ ಪ್ರಕರಣದಲ್ಲಿ 1982ರಲ್ಲಿ ಸುಪ್ರೀಂ ಕೋರ್ಟಿನ ಪರವಾಗಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಇದನ್ನೇ ಬಿಡಿಸಿ ಹೇಳಿದರು: ಬಲವಂತ ಅಂದರೆ ತೋಳ್ಬಲವೊಂದೇ ಅಲ್ಲ, ಹಸಿವೂ ಬಲವಂತವೇ, ಕನಿಷ್ಠ ವೇತನಕ್ಕಿಂತ ಕಡಿಮೆಗೆ ಯಾರಾದರೂ ದುಡಿಯುತ್ತಿದ್ದರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ. ಮರುವರ್ಷದ ಬಂಧುವಾ ಮುಕ್ತಿ ಮೋರ್ಚಾ ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಬಲವಂತದ ದುಡಿಮೆ ಕಂಡುಬಂದಲ್ಲಿ ಅದರ ಹಿಂದೆ ಮುಂಗಡ ಇದೆ ಎಂದೇ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಮಾಲೀಕನದು. ಒಳಗೆ ಬರುವಾಗಿನ ಒಪ್ಪಿಗೆ ಹೊರಗೆ ಹೋಗುವ ಹಕ್ಕನ್ನು ಕಸಿಯಲಾರದು ಎಂಬುದೂ ಸರಳ ತರ್ಕ. ಮದುವೆಗೆ ಒಪ್ಪಿದವಳು ಹೊಡೆತಕ್ಕೆ ಒಪ್ಪಿದಳೆಂದು ಯಾರೂ ಹೇಳುವುದಿಲ್ಲ. ಮುಂಗಡಕ್ಕೆ ಒಪ್ಪಿದವಳು ಕಟ್ಟಿಹಾಕಿಸಿಕೊಳ್ಳಲು ಒಪ್ಪಿದಳೆಂದು ಹೇಳುವುದೂ ಅಷ್ಟೇ ತಪ್ಪು.

ಇನ್ನು ಬಾಕಿಯ ಲೆಕ್ಕ. ಚರಕದ ಮುಂದೆ ಕೂತವಳ ಕೈಗಳನ್ನು ಒಮ್ಮೆ ಹತ್ತಿರದಿಂದ ನೋಡಿ. ಬೇಯಿಸಿದ ಗೂಡುಗಳು ಬಿಸಿನೀರಿನ ಬಟ್ಟಲಲ್ಲಿ ತೇಲುತ್ತಿರುತ್ತವೆ, ಸತ್ತ ಹುಳುವಿನ ವಾಸನೆ ಹಬೆಯೊಂದಿಗೆ ಮುಖಕ್ಕೆ ಹೊಡೆಯುತ್ತದೆ. ಆ ನೀರಿನಲ್ಲೇ ಬೆರಳಾಡಿಸಿ ಕಣ್ಣಿಗೆ ಕಾಣದಷ್ಟು ತೆಳುವಾದ ಎಳೆಯ ತುದಿ ಹುಡುಕಬೇಕು, ಹಲವು ಗೂಡಿನ ಎಳೆಗಳನ್ನು ಸೇರಿಸಿ ಒಂದು ನೂಲಾಗಿಸಬೇಕು, ಕಡಿದರೆ ಮತ್ತೆ ಹುಡುಕಬೇಕು. ದಿನವೆಲ್ಲ ನೆನೆದ ಬೆರಳ ತುದಿಯ ಚರ್ಮ ಬೆಳ್ಳಗೆ ಬಿಳಿಚಿ ಸುಲಿಯುತ್ತದೆ. ಇಷ್ಟಕ್ಕೆ ಕೊಟ್ಟ ಕೂಲಿ ಕನಿಷ್ಠ ವೇತನಕ್ಕಿಂತ ದಿನಕ್ಕೆ 150 ರೂಪಾಯಿ ಕಡಿಮೆ, ಮುಂಗಡ 30,000 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಇನ್ನೂರೇ ದಿನದಲ್ಲಿ ಆ ಮೂವತ್ತು ಸಾವಿರ ತೀರಿತು. ವರ್ಷಕ್ಕೆ 300 ದಿನದಂತೆ ಮೂರು ವರ್ಷ ದುಡಿದಿದ್ದರೆ ಅವಳಿಗೆ ಕೊಡದೆ ಉಳಿಸಿಕೊಂಡ ಕೂಲಿ 1,35,000; ಮುಂಗಡ ಕಳೆದರೂ ಮಾಲೀಕನೇ ಅವಳಿಗೆ 1,05,000 ಕೊಡಬೇಕು. ಊರಿನ ಲೆಕ್ಕಪುಸ್ತಕದಲ್ಲಿ ಈ ಕಲಮೇ ಇರುವುದಿಲ್ಲ. ಅವಳು ಪಡೆದದ್ದನ್ನು ಬರೆಯುವ ಕೈ ಅವಳಿಗೆ ಬರಬೇಕಾದದ್ದನ್ನು ಬರೆಯುವುದಿಲ್ಲ. ದುಡ್ಡು ತಿಂದವರು ಯಾರು ಎಂಬುದನ್ನು ಎರಡೂ ಕಲಮುಗಳನ್ನು ಕೂಡಿಸಿದ ಮೇಲೆ ಹೇಳಬೇಕು.

ಹಾಗಾದರೆ ಬಿಟ್ಟುಬಂದವಳ ಮೇಲೆ ಕಾನೂನಿನಲ್ಲಿ ಏನು ಹೊಣೆ ಉಳಿಯಿತು? 1850ರ ಅಮೆರಿಕದ ಕಾಯ್ದೆ ಬೆನ್ನಟ್ಟುವವನ ಕೈಗೆ ಕೋಲು ಕೊಟ್ಟಿತು. ನಮ್ಮ ಕಾಯ್ದೆ ಆ ಕೋಲನ್ನು ಕಸಿದುಕೊಂಡಿದೆ. ಜೀತದ ಸಾಲ ತೀರಿಸುವ ಹೊಣೆ ಅಳಿದುಹೋಯಿತು. ಅದರ ವಸೂಲಿಗೆ ಸಿವಿಲ್ ದಾವೆಯೂ ನಿಲ್ಲದು. ಅದು ಜೀತದ ಸಾಲವಲ್ಲ ಎಂದು ಸಾಬೀತು ಮಾಡಬೇಕಾದವನು ಹಣ ಕೊಟ್ಟವನು. ಜೀತದ ಭಾಗವಾಗಿ ಕೊಟ್ಟಿದ್ದ ಗುಡಿಸಲಿನಿಂದ ಅವಳನ್ನು ಹೊರಹಾಕುವಂತಿಲ್ಲ. ಬಹಳ ಜನರಿಗೆ ಗೊತ್ತಿಲ್ಲದ 9ನೇ ಕಲಮು ಇದೆ: ಅಳಿದುಹೋದ ಆ ಸಾಲಕ್ಕೆಂದು ಹಣ ಪಡೆಯುವುದೇ ಅಪರಾಧ, ಮೂರು ವರ್ಷದವರೆಗೆ ಸಜೆ. ಅಪರಾಧಕ್ಕೆ ನೆರವಾದವರಿಗೂ ಅಷ್ಟೇ ಶಿಕ್ಷೆ. ಈಗ ನಮ್ಮ ರಾಜಿ ಪಂಚಾಯಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನಾಲ್ಕು ಜನ ಹಿರಿಯರು ಸೇರಿ, 'ಪಾಪ, ಬಡವಳು, ಕಂತಿನಲ್ಲಿ ಕಟ್ಟಲಿ ಬಿಡಪ್ಪ' ಎಂದು ಮಾಲೀಕನನ್ನು ಒಪ್ಪಿಸುತ್ತಾರೆ. ಎಲ್ಲರೂ ಅದನ್ನು ದಯೆ ಎನ್ನುತ್ತಾರೆ. ಕಾನೂನಿನ ಕಣ್ಣಿನಲ್ಲಿ ಆ ಕಂತು ತೆಗೆದುಕೊಂಡವನು ಅಪರಾಧಿ, ಕೊಡಿಸಿದ ಹಿರಿಯರು ಪಾಲುದಾರರು. 'ವಂಚನೆ ಕೇಸು ಹಾಕುತ್ತೇನೆ' ಎಂಬ ಬೆದರಿಕೆಗೂ ಬಲವಿಲ್ಲ. ಹಣ ಪಡೆಯುವಾಗಲೇ ಮೋಸದ ಉದ್ದೇಶವಿತ್ತೆಂದು ತೋರಿಸದೆ ವಂಚನೆ ಆಗುವುದಿಲ್ಲ. ತಿಂಗಳುಗಟ್ಟಲೆ ಬಿಸಿನೀರಿನಲ್ಲಿ ಕೈಯಿಟ್ಟವಳ ಉದ್ದೇಶ ಮೋಸವಾಗಿತ್ತೆಂದು ಯಾವ ಬಾಯಲ್ಲಿ ಹೇಳುವುದು?

ತಾಯಿ ಎಂಬ ಮಾತು ಬಂದಾಗ ಗಂಟು ಇನ್ನೂ ಬಿಗಿಯಾಗುತ್ತದೆ, ಏಕೆಂದರೆ ಜೀತ ಒಬ್ಬರಲ್ಲಿ ನಿಲ್ಲುವುದಿಲ್ಲ. ಅವಳು ಬಾಣಂತಿಯಾಗಿ ಕೂತರೆ ಆ ದಿನಗಳು ಬಾಕಿಗೆ ಸೇರುತ್ತವೆ, ಬಾಕಿ ಬೆಳೆದರೆ ಮಗು ಬಟ್ಟಲಿನ ಮುಂದೆ ಬಂದು ಕೂರುತ್ತದೆ. ಮಕ್ಕಳ ದುಡಿಮೆಯನ್ನು ಒತ್ತೆಯಿಡುವ ಒಪ್ಪಂದ ಅಸಿಂಧು ಎಂಬ ಕಾನೂನು 1933ರಲ್ಲೇ ಬಂದಿತ್ತು. ಅದೇ ವರ್ಷ ಪ್ರಕಟವಾದದ್ದು ಶಿವರಾಮ ಕಾರಂತರ 'ಚೋಮನ ದುಡಿ'. ಅಪ್ಪನ ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುವ ಕತೆ. ಬಿ.ವಿ. ಕಾರಂತರು ಅದನ್ನು ಚಲನಚಿತ್ರ ಮಾಡಿದ್ದು 1975ರಲ್ಲಿ, ಜೀತದ ಸುಗ್ರೀವಾಜ್ಞೆಯ ವರ್ಷ. ನಡುವಿನ ನಲವತ್ತೆರಡು ವರ್ಷದಲ್ಲಿ ಕತೆ ಹಳತಾಗಿರಲಿಲ್ಲ ಎಂಬುದಕ್ಕೆ ಆ ಸುಗ್ರೀವಾಜ್ಞೆಯೇ ಸಾಕ್ಷಿ. 1933ರ ಕಾನೂನು ಕೊಟ್ಟ ಒಂದು ವಿನಾಯಿತಿ ನಮ್ಮ ಚರ್ಚೆಗೆ ಅಳತೆಗೋಲಾಗಬಲ್ಲದು: ಮಗುವಿಗೆ ಹಾನಿಯಿಲ್ಲದೆ, ನ್ಯಾಯವಾದ ಕೂಲಿಯ ಹೊರತು ಬೇರೆ ಪ್ರತಿಫಲವಿಲ್ಲದೆ, ಒಂದು ವಾರಕ್ಕೆ ಮೀರದ ಮುನ್ಸೂಚನೆ ಕೊಟ್ಟು ಬಿಡಬಹುದಾದ ಒಪ್ಪಂದ ಒತ್ತೆಯಲ್ಲ. ವಾರದ ಮುಂಚೆ ಹೇಳಿ ಹೋಗಬಹುದೇ? ಹೋಗಬಹುದಾದರೆ ಅದು ಕೆಲಸ, ಹೋಗಲಾಗದಿದ್ದರೆ ಒತ್ತೆ. ಮಾರ್ಗರೆಟ್ ಗಾರ್ನರ್ ಮಂಜಿನ ಮೇಲೆ ನಡೆದದ್ದು ತನಗಾಗಿ ಮಾತ್ರವಲ್ಲ. ತಾಯಂದಿರು ಬಿಟ್ಟುಹೊರಡುವುದು ಬಹುಮಟ್ಟಿಗೆ ತಮ್ಮ ಸರದಿ ಮುಗಿದು ಮಕ್ಕಳ ಸರದಿ ಆರಂಭವಾಗುವಾಗ.

ಸಣ್ಣ ರೀಲರ್‌ನ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಸಾಲ ಹೀಗೆ ಅಳಿಯುವುದಾದರೆ ನಾಳೆ ಬಡವರಿಗೆ ಯಾರು ಮುಂಗಡ ಕೊಡುತ್ತಾರೆ? ಆಸ್ಪತ್ರೆಯ ಬಾಗಿಲಲ್ಲಿ ನಿಂತವಳಿಗೆ ಇದರಿಂದ ಕೇಡೇ ಅಲ್ಲವೇ? ಉತ್ತರ, ಕಾನೂನು ಸಾಲವನ್ನು ನಿಷೇಧಿಸಿಲ್ಲ. ಸಾಲಕ್ಕೆ ಮನುಷ್ಯನನ್ನು ಅಡವಿಡುವುದನ್ನು ನಿಷೇಧಿಸಿದೆ. ಪೂರ್ತಿ ಕೂಲಿಯನ್ನು ದಿನದಿನಕ್ಕೆ ಕೊಟ್ಟು, ಸಾಲದ ಚೀಟಿಯನ್ನು ಬೇರೆ ಇಟ್ಟು, ಅವಳು ಬೇರೆಡೆ ದುಡಿದೂ ತೀರಿಸಬಹುದೆಂದು ಒಪ್ಪುವವನಿಗೆ ಈ ಕಾಯ್ದೆಯ ಭಯವಿಲ್ಲ. ಹಾಗೆ ಕೊಟ್ಟರೆ ತನಗೆ ಗಿಟ್ಟುವುದಿಲ್ಲ ಎಂದು ಅವನು ಹೇಳಿದರೆ, ಅವನ ಘಟಕ ನಡೆಯುತ್ತಿದ್ದದ್ದು ಅವಳಿಗೆ ಕೊಡದ ಕೂಲಿಯಿಂದ ಎಂದು ಅವನೇ ಒಪ್ಪಿಕೊಂಡಂತಾಯಿತು. ಅವನ ಕಷ್ಟ ನಿಜ. ಅದಕ್ಕೆ ದುಡಿಯುವ ಬಂಡವಾಳ, ಕಡಿಮೆ ಬಡ್ಡಿಯ ಸಾಲ, ಗೂಡು ಮತ್ತು ನೂಲಿನ ದರಗಳ ನಡುವೆ ಒಂದಿಷ್ಟು ಸ್ಥಿರತೆ ಬೇಕು. ಅದನ್ನು ಸರ್ಕಾರದಿಂದ ಕೇಳಲಿ. ತನಗಿಂತ ಬಡವಳ ಬೆರಳಿನಿಂದ ವಸೂಲು ಮಾಡುವುದು ಪರಿಹಾರವಲ್ಲ. ಋಣದ ಮಾತಿಗೂ ಇದೇ ಉತ್ತರ. ಋಣ ಮನಸ್ಸಿನ ಸಂಬಂಧ, ಅದನ್ನು ತೀರಿಸುವವರು ತಾವಾಗಿ ತೀರಿಸುತ್ತಾರೆ. ಬಾಗಿಲಲ್ಲಿ ಕಾವಲು ನಿಂತು ತೀರಿಸಿಕೊಳ್ಳುವ ಋಣಕ್ಕೆ ಬೇರೆ ಹೆಸರಿದೆ.

ಕಾನೂನನ್ನು ಹೊಗಳಿ ಸುಮ್ಮನಾಗುವುದೂ ಗೊಂದಲವೇ. ಜೀತ ಮಾಡಿಸಿದವನಿಗೆ ಗರಿಷ್ಠ ದಂಡ 2,000 ರೂಪಾಯಿ. ಆ ದಂಡದಿಂದ ಅವಳಿಗೆ ದಿನಕ್ಕೆ 5 ರೂಪಾಯಿಯಂತೆ ಕೊಡಿಸಬೇಕು ಎಂದು 1976ರಲ್ಲಿ ಬರೆದದ್ದು ಹಾಗೆಯೇ ಉಳಿದಿದೆ. ಪೂರ್ತಿ ದಂಡ ಹಾಕಿದರೂ 400 ದಿನಕ್ಕೆ ಮುಗಿಯಿತು. 2016ರ ಪುನರ್ವಸತಿ ಯೋಜನೆ ಮಹಿಳೆಯರಿಗೆ ಮತ್ತು ಮಕ್ಕಳಿಗೆ 2 ಲಕ್ಷ ರೂಪಾಯಿ ಎಂದಿತು, ಆದರೆ ತಕ್ಷಣದ ಸಣ್ಣ ನೆರವು ಬಿಟ್ಟರೆ ಉಳಿದದ್ದನ್ನು ಆರೋಪಿಗೆ ಶಿಕ್ಷೆಯಾಗುವುದಕ್ಕೆ ಗಂಟುಹಾಕಿತು. ಮೊಕದ್ದಮೆ ಎಳೆದಷ್ಟೂ ಅವಳ ಕೈ ಬರಿದು. ಬಿಡಿಸಿ ಬೀದಿಯಲ್ಲಿ ಬಿಟ್ಟರೆ ಹಸಿವು ಅವರನ್ನು ಮತ್ತೆ ಜೀತಕ್ಕೇ ತಳ್ಳುತ್ತದೆ ಎಂದು 1984ರ ನೀರಜಾ ಚೌಧರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಚ್ಚರಿಸಿತ್ತು. ಬಿಡುಗಡೆ ಪತ್ರವೊಂದು ಕೈಗೆ ಬರದಿದ್ದರೆ ಈ ಯಾವ ನೆರವೂ ಇಲ್ಲ; ಅದಕ್ಕಾಗಿ ಅಧಿಕಾರಿಯ ಮುಂದೆ ಅವಳು ತಾನು ಜೀತದಾಳು ಎಂದು ಒಪ್ಪಿಸಬೇಕು. ಸಿನ್ಸಿನಾಟಿಯ ಕಮಿಷನರನಿಗೆ 10 ಮತ್ತು 5 ಡಾಲರಿನ ಆಸೆಯಿತ್ತು. ನಮ್ಮಲ್ಲಿ ಅಂಥ ಲಂಚ ಕಾನೂನಿನಲ್ಲಿಲ್ಲ, ಆದರೆ 'ನಮ್ಮ ತಾಲ್ಲೂಕಿನಲ್ಲಿ ಜೀತವಿಲ್ಲ' ಎಂದು ವರದಿ ಬರೆಯುವ ಅನುಕೂಲವಿದೆ.

ಇಷ್ಟೆಲ್ಲ ಬಿಚ್ಚಿದ ಮೇಲೆ ಗಂಟಿನಲ್ಲಿ ಉಳಿದದ್ದು ಏನು? ಸಾಲವಿದ್ದರೆ ಅದಕ್ಕೆ ಚೀಟಿ ಇದೆ, ಋಣವಿದ್ದರೆ ಅದಕ್ಕೆ ಮನಸ್ಸಿದೆ, ಜೀತಕ್ಕೆ ಮಾತ್ರ ನ್ಯಾಯದ ಬೆಂಬಲವೂ ಇಲ್ಲ, ಕಾನೂನಿನ ಬೆಂಬಲವೂ ಇಲ್ಲ. ಬೆಂಗಳೂರಿನ ಕಂಪನಿಯಲ್ಲಿರುವ ನಮ್ಮ ಮಗಳು ಸಂಬಳ ಸಾಲದೆಂದು ಹೊರಬಂದರೆ 'ಕೆಲಸ ಬಿಟ್ಟಳು' ಎನ್ನುತ್ತೇವೆ. ಅವಳ ಮೇಲೆ ಬ್ಯಾಂಕಿನ ಸಾಲವಿದ್ದರೂ ಹಾಗೆಯೇ ಎನ್ನುತ್ತೇವೆ. ಮಕ್ಕಳನ್ನು ಕಟ್ಟಿಕೊಂಡು ರಾತ್ರಿ ಹೊರಟವಳು ಮಾಡಿದ್ದೂ ಅಷ್ಟೇ. ಅವಳು ಓಡಿಹೋಗಲಿಲ್ಲ, ಕೆಲಸ ಬಿಟ್ಟಳು.